ಲೆಕ್ಕಕ್ಕೆ ಸಿಗದ ಮೂವತ್ತೊಂದು

ಗ್ರಾಫು ಅಷ್ಟು ಚೆನ್ನಾಗಿರಬಾರದಿತ್ತು. ಊಟದ ಡಬ್ಬಿಯ ಚೀಲವನ್ನು ಇನ್ನೂ ಹೆಗಲಿಂದ ಇಳಿಸದೆ, ಪ್ರಯೋಗಶಾಲೆಯ ದೀಪಗಳನ್ನೂ ಪೂರ್ತಿ ಹಾಕದೆ, ಅವನು ಪರದೆಯ ಮುಂದೆ ನಿಂತು ಅದನ್ನೇ ನೋಡುತ್ತಿದ್ದ. ಹತ್ತು ದಿನ, ಇಪ್ಪತ್ತೆರಡು ಚುಕ್ಕೆ. ಎಡಗಡೆಯ ಸೊನ್ನೆಯಿಂದ ಹೊರಟ ಗೆರೆ ಎಲ್ಲೂ ಮುಗ್ಗರಿಸದೆ, ಎಲ್ಲೂ ಅವಸರಪಡದೆ ಮೇಲೇರಿ ಬಲಗಡೆಯ ಅರವತ್ತನಾಲ್ಕರಲ್ಲಿ ಹೋಗಿ ಕೂತಿತ್ತು. ಪಾಲಿಮರನ್ನೂ ಔಷಧಿಯನ್ನೂ ಒಟ್ಟಿಗೆ ಕರಗಿಸಿ, ಆ ದ್ರವವನ್ನು ಸೂಜಿಯ ತುದಿಯಲ್ಲಿ ಸಾವಿರಾರು ವೋಲ್ಟಿನ ಸೆಳೆತಕ್ಕೆ ಒಡ್ಡಿದರೆ, ಅದು ಕೂದಲಿನ ನೂರರಲ್ಲೊಂದು ಪಾಲು ದಪ್ಪದ ನಾರಾಗಿ ಎಳೆದುಕೊಂಡು ಬರುತ್ತದೆ. ನಾರಿನ ಮೇಲೆ ನಾರು ಬಿದ್ದು ಬಿಳಿಯ ಪೊರೆಯಾಗುತ್ತದೆ. ಆ ಪೊರೆಯನ್ನು ಗಾಯದ ಮೇಲೆ ಹಾಕಿದರೆ ಒಳಗಿನ ಔಷಧಿ ಹತ್ತು ದಿನ ಚೂರು ಚೂರೇ ಇಳಿಯಬೇಕು. ಇಳಿಯಬೇಕೇನೋ ಸರಿ, ಇಳಿದದ್ದನ್ನು ಕಂಡವರು ಯಾರು? ಇಪ್ಪತ್ತು ವರ್ಷದಲ್ಲಿ ಅವನು ನೋಡಿದ ಒಂದೊಂದು ಪೊರೆಗೂ ಒಂದೇ ಚಾಳಿ: ಮೊದಲ ಗಂಟೆಯಲ್ಲೇ ಮೈಮೇಲಿನ ಔಷಧಿಯನ್ನೆಲ್ಲ ಸುರಿದುಬಿಟ್ಟು ಆಮೇಲೆ ಜಿಪುಣತನ ಮಾಡುವುದು. ಈ ಪೊರೆ ಮಾತ್ರ ಮೊದಲ ಗಂಟೆಯಲ್ಲಿ ನೂರರಲ್ಲಿ ಒಂದೇ ಒಂದು ಪಾಲು ಕೊಟ್ಟು ಸಾಚಾತನ ತೋರಿಸಿತ್ತು. ಹೋದ ವಾರ ಎಲ್ಲರೂ ಚಪ್ಪಾಳೆ ತಟ್ಟಿ ಕೇಕು ಕತ್ತರಿಸಿದ್ದರು. ಅವನೂ ಎರಡು ತುಂಡು ತಿಂದಿದ್ದ, ಚಪ್ಪಾಳೆಯನ್ನೂ ತಟ್ಟಿದ್ದ.

ಉಳಿದ ಮೂವತ್ತಾರು ಪಾಲು ಔಷಧಿ ನಾರಿನ ಒಳಗೇ ಇದೆ, ಹತ್ತು ದಿನ ದಾಟಿದ ಮೇಲೂ ಬರುತ್ತಿರುತ್ತದೆ ಎಂದು ಎಲ್ಲರೂ ನಂಬಿದ್ದರು. ಯಾರೂ ಒಳಗೆ ನೋಡಿರಲಿಲ್ಲ. ಮೊನ್ನೆ ಮತ್ತು ನಿನ್ನೆ, ಬೇರೆಯವರೆಲ್ಲ ಊಟಕ್ಕೆ ಹೋದ ಹೊತ್ತಿನಲ್ಲಿ, ಅವನು ಪರೀಕ್ಷೆಗೆಂದು ಪೊರೆಯಿಂದ ಕತ್ತರಿಸಿದ್ದ ಬಿಲ್ಲೆಗಳನ್ನು, ಪರೀಕ್ಷೆ ಮುಗಿದ ಮೇಲೆ ಶೀಶೆಯಿಂದ ಚಿಮುಟದಲ್ಲಿ ಎತ್ತಿ, ಪೂರ್ತಿ ಕರಗಿಸಿ, ಬೆಳಕು ಹಾಯಿಸಿ ಓದುವ ಯಂತ್ರಕ್ಕೆ ಕೊಟ್ಟಿದ್ದ. ಒಳಗೆ ಇದ್ದದ್ದು ಐದು. ಅರವತ್ತನಾಲ್ಕು, ಐದು, ಅರವತ್ತೊಂಬತ್ತು. ಹಾಕಿದ್ದು ನೂರು. ಮೂವತ್ತೊಂದು ಪಾಲು ಎಲ್ಲಿಗೆ ಹೋಯಿತು ಎಂಬುದನ್ನು ಅವನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಮಾಡಿದವರು ಎಚ್ಚೆತ್ತುಕೊಳ್ಳುತ್ತಾರೆ. ಇವತ್ತು ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ವ್ಯಾನು ಬರುವುದಿತ್ತು. ಆರು ರೋಗಿಗಳಿಗೆ ಆರು ಪೆಟ್ಟಿಗೆ. ಪೆಟ್ಟಿಗೆಗಳು ಹೊರಡಬೇಕಾದರೆ ಒಂದು ಹಾಳೆಯ ಕೆಳಗೆ ಅವನ ಸಹಿ ಬೀಳಬೇಕು. ಪೆಟ್ಟಿಗೆಯೊಳಗಿನ ಪೊರೆಯ ಪಟ್ಟಿಯನ್ನು ಒಮ್ಮೆ ಗಾಯದ ಮೇಲೆ ಅಂಟಿಸಿದರೆ ಹತ್ತು ದಿನ ಬಿಚ್ಚುವಂತಿಲ್ಲ. ತೀಕ್ಷ್ಣ ಔಷಧಿ ಅದು, ಚೂರು ಚೂರು ಇಳಿದರೆ ಗಾಯ ಮಾಯುತ್ತದೆ, ಒಂದೇ ಸಲ ಇಳಿದರೆ ಅಂಚಿನಲ್ಲಿ ಹುಟ್ಟುತ್ತಿರುವ ಎಳೆ ಚರ್ಮವನ್ನೂ ಸುಟ್ಟುಹಾಕುತ್ತದೆ, ಮೇಲೆ ಪಟ್ಟಿ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಆರು ಜನರಲ್ಲಿ ನಾಲ್ಕನೆಯವಳು ಅವನ ಅಕ್ಕ. ಸಕ್ಕರೆ ಕಾಯಿಲೆಯ ಕಾಲು, ಎರಡು ವರ್ಷದಿಂದ ಮಾಯದ ಹುಣ್ಣು. 'ರೋಗಿಗಳಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ' ಎಂದು ಅದೇ ಹಾಳೆಯ ಮೇಲ್ಭಾಗದಲ್ಲಿ ಕೇಳಿದ್ದರು. ಅವನು 'ಇಲ್ಲ' ಎಂಬುದರ ಪಕ್ಕ ಗುರುತು ಹಾಕಿದ್ದ, ಶಾಯಿ ಹರಡದಂತೆ, ನಿಧಾನವಾಗಿ.

ಅವನ ಬೆನ್ನ ಹಿಂದೆ ಎಲ್ಲರೂ ಅವನನ್ನು ಭೂತಕನ್ನಡಿ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಮನೆಯಲ್ಲಿ ಹಾಲಿನ ಪೊಟ್ಟಣದ ತಾರೀಖನ್ನು ಎರಡು ಸಲ ಓದುವವನು, ಬೀಗ ಹಾಕಿ ಇಳಿದವನು ಮತ್ತೆ ಮೆಟ್ಟಿಲು ಹತ್ತಿ ಜಗ್ಗಿ ನೋಡುವವನು, ಅಂಗಡಿಯವನು ನಗುನಗುತ್ತ ಮಾತಾಡಿದರೆ ತೂಕದ ಮುಳ್ಳಿನ ಮೇಲೆ ಕಣ್ಣಿಡುವವನು. 'ನಿಮಗೆ ದೇವರೇ ಎದುರಿಗೆ ಬಂದರೂ ಗುರುತಿನ ಚೀಟಿ ಕೇಳ್ತೀರಿ' ಎಂದು ಹೆಂಡತಿ ಒಮ್ಮೆ ಹೇಳಿದ್ದಳು, ಅವನು ಅದರಲ್ಲಿ ತಪ್ಪೇನು ಎಂದು ನಿಜವಾಗಿಯೂ ಯೋಚಿಸಿದ್ದ. ಈಗ ಅನುಮಾನಕ್ಕೆ ಒಬ್ಬಳೇ ಇದ್ದಳು. ಪೊರೆ ನೂಲುವವಳು ಅವಳು, ಬಿಲ್ಲೆ ಕತ್ತರಿಸುವವಳು ಅವಳು, ಗಂಟೆ ಗಂಟೆಗೆ ಮಾದರಿ ತೆಗೆದು ಅಂಕಿ ಬರೆಯುವವಳೂ ಅವಳು. ಹನ್ನೊಂದು ವರ್ಷದಿಂದ ಆ ಯಂತ್ರದ ಮುಂದೆ ಕೂತವಳನ್ನು ಅವಳಿಗಿಂತ ಹಿರಿಯರೂ ನೂಲಕ್ಕ ಎಂದೇ ಕರೆಯುತ್ತಿದ್ದರು. ಔಷಧಿ ಕಡಿಮೆ ಹಾಕಿರಬಹುದೆ? ಬಾಟಲಿಯನ್ನು ಅವನು ನಿನ್ನೆ ಕದ್ದು ತೂಗಿದ್ದ, ಪುಸ್ತಕದಲ್ಲಿ ಬರೆದಷ್ಟೇ ಇತ್ತು. ಹಾಗಾದರೆ ಅಂಕಿಗಳನ್ನೇ ತಿದ್ದಿದ್ದಾಳೆ. ಮೊದಲ ಗಂಟೆಯ ಅಂಕಿಯನ್ನು ತಗ್ಗಿಸಿ ನಿರ್ದೇಶಕಿ ಮೇಡಂಗೆ ಬೇಕಾದಂತೆ ಗೆರೆ ಎಳೆದುಕೊಟ್ಟಿದ್ದಾಳೆ. ಹೀಗೆ ಅಂದುಕೊಂಡ ಕೂಡಲೇ ಅವನಿಗೆ ಒಂದು ಬಗೆಯ ನೆಮ್ಮದಿಯಾಯಿತು. ಈ ನೆಮ್ಮದಿ ಅವನಿಗೆ ಹೊಸದಲ್ಲ. ತಕ್ಕಡಿಯವನ ವಿಷಯದಲ್ಲೂ ಹೀಗೆಯೇ ಆಗಿತ್ತು. ಏಳು ವರ್ಷದ ಹಿಂದೆ, ಮೂಲೆಯ ಕಲ್ಲುಮೇಜಿನ ಮೇಲೆ ಸೂಕ್ಷ್ಮ ತಕ್ಕಡಿಯಿಟ್ಟುಕೊಂಡು ದಿನವಿಡೀ ತೂಗುತ್ತಿದ್ದ ಆ ಮನುಷ್ಯ, ದಪ್ಪ ಹುಬ್ಬಿನವನು, ಸೀನು ಬಂದರೆ ಎದ್ದು ಹೊರಗೆ ಹೋಗಿ ಸೀನಿ ಬರುತ್ತಿದ್ದವನು. ತೂಕಗಳು ತಾಳೆಯಾಗುತ್ತಿರಲಿಲ್ಲ. ಇವನು ಮೇಡಂ ಹತ್ತಿರ ಹೋಗಿ, ಕದ್ದಿದ್ದಾನೆ ಎನ್ನಲಿಲ್ಲ, 'ಗಮನಿಸಬೇಕು' ಎಂದಷ್ಟೇ ಹೇಳಿದ್ದ. ತಿಂಗಳಲ್ಲಿ ತಕ್ಕಡಿಯವನು ಹೋದ. ಹೋಗುವಾಗ ಇವನ ಕೈ ಕುಲುಕಿ 'ನಿಮ್ಮಿಂದ ತುಂಬಾ ಕಲಿತೆ ಸರ್' ಎಂದಿದ್ದ. ಎರಡು ತಿಂಗಳ ಮೇಲೆ ರಿಪೇರಿಯವನು ಬಂದು, ಎ.ಸಿ.ಯ ಗಾಳಿ ನೇರವಾಗಿ ತಟ್ಟೆಯ ಮೇಲೆ ಬೀಸುತ್ತಿದೆ, ತೂಕ ನಿಲ್ಲುವುದಾದರೂ ಹೇಗೆ ಎಂದು ನಕ್ಕ. ರಿಪೇರಿಯ ಚೀಟಿಯನ್ನು ಇವನು ಮಡಚಿ ಡ್ರಾಯರಿಗೆ ಹಾಕಿದ. ಆಗ ಕೋಣೆಯಲ್ಲಿ ಇನ್ನೊಬ್ಬರಿದ್ದದ್ದು ನೂಲಕ್ಕ. ಅವಳು ಸಿರಿಂಜು ತೊಳೆಯುತ್ತಲೇ ಇದ್ದಳು. ಮಾರನೆಯ ದಿನ ಬಂದಾಗ ಅವಳ ಕುರ್ಚಿ ಬಾಗಿಲಿಗೆ ಮುಖ ಮಾಡಿ ತಿರುಗಿತ್ತು.

"ಬೇಗ ಬಂದಿದೀರಲ್ಲ ಸರ್," ಎಂದಳು ನೂಲಕ್ಕ. ಅವನು ಗ್ರಾಫನ್ನು ಮುಚ್ಚಿದ, ಮುಚ್ಚಿದ್ದು ಅವಳಿಗೆ ಕಂಡಿತೆಂದು ಗೊತ್ತಾಗಿ ಮತ್ತೆ ತೆರೆದ. ಅವಳು ಕೈಚೀಲ ನೇತುಹಾಕಿ, ಕೂದಲು ಎತ್ತಿ ಕಟ್ಟಿ, ಬಿಳಿ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡಳು. ಕೆಳಗಿನಿಂದ ಮೇಲಕ್ಕೆ ಯಾಕೆ? "ನೂಲಕ್ಕ, ಇವತ್ತು ಒಂದು ಸೆಟ್ ಹೊಸ ಬಿಲ್ಲೆ ಬೇಕು. ಸೈನ್ ಹಾಕೋಕ್ಮುಂಚೆ ಸುಮ್ನೆ ಒಂದ್ಸಲ ನೋಡೋಣ ಅಂತ," ಎಂದ, ಸಹಜವಾಗಿ ಹೇಳಬೇಕೆಂದು ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ ಮಾತು. "ಎಷ್ಟು ಸರ್?" "ಆರು." "ಮುಂಚೆ ಮಾಡಿದ್ಹಾಗೇನಾ?" ಅವಳ ದನಿಯಲ್ಲಿ ಏನೋ ಇತ್ತೆಂದು ಅವನಿಗೆ ಅನ್ನಿಸಿತು. "ಮುಂಚೆ ಹೇಗೆ ಮಾಡಿದ್ರೋ ಹಾಗೇ," ಎಂದ. ಅವಳು ಒಂದು ಕ್ಷಣ ಅವನ ಮುಖ ನೋಡಿ, ಗೋಡೆಯ ಗಡಿಯಾರ ನೋಡಿ, ಕೈಗವಸು ಹಾಕಿಕೊಂಡಳು. ಅಷ್ಟರಲ್ಲಿ ಫೋನು. ಎರಡು ಮಹಡಿ ಮೇಲಿನಿಂದ ಮೇಡಂ. ಸಂಸ್ಥೆಗೆ ನಿರ್ದೇಶಕಿ, ಎಲ್ಲರಿಗೂ ಬರೀ ಮೇಡಂ. "ಹಾಳೆ ಯಾವಾಗ ಬರುತ್ತೆ? ವ್ಯಾನ್ ಕಾಯಿಸೋದು ಬೇಡ," ಎಂದರು. "ಒಂದು ಚಿಕ್ಕ ಸಂಶಯ ಇದೆ ಮೇಡಂ." ಆ ಕಡೆ ಸಣ್ಣ ನಗು. "ನಿಮಗೆ ಸಂಶಯ ಇಲ್ಲದ ದಿನ ಹೇಳಿ, ರಜೆ ಕೊಡೋಣ." ಫೋನಿಟ್ಟ ಮೇಲೂ ಅವನ ಕಿವಿ ಬಿಸಿಯಾಗಿಯೇ ಇತ್ತು. ನೂಲಕ್ಕ ಯಂತ್ರದ ಗಾಜಿನ ಬಾಗಿಲು ತೆರೆಯುತ್ತಿದ್ದಳು. 'ಸಂಶಯ' ಎಂಬ ಮಾತು ಅವಳ ಕಿವಿಗೆ ಬಿದ್ದಿರಲೇಬೇಕು.

ಗೋಡೆಗೆ ಅಂಟಿಸಿದ ತೇವಾಂಶದ ಅಂಕಿಗಳನ್ನು ಪರೀಕ್ಷಿಸುವವನಂತೆ ಅವನು ಕಿಟಕಿಯ ಪಕ್ಕ ನಿಂತುಕೊಂಡ. ಕೈಯಲ್ಲಿ ಪೆನ್ನು, ಕಣ್ಣು ಗಾಜಿನಲ್ಲಿ ಕಾಣುವ ಅವಳ ಪ್ರತಿಬಿಂಬದ ಮೇಲೆ. ಯಂತ್ರದೊಳಗೆ ಅಲ್ಯೂಮಿನಿಯಂ ಫಾಯಿಲು ಸುತ್ತಿದ ಉರುಳೆ, ಅದರ ಮೇಲೆ ನಿನ್ನೆ ನೂತ ಪೊರೆ, ಆರಿದ ಹಾಲಿನ ಕೆನೆಯಂತೆ. ಅವಳು ಫ್ಯಾನು ಆರಿಸಿದಳು. ಫಾಯಿಲನ್ನು ಉರುಳೆಯಿಂದ ಬಿಚ್ಚಿ ಮೇಜಿನ ಮೇಲೆ ಹರಡಿ, ನಾಣ್ಯದಗಲದ ಹರಿತ ಅಚ್ಚನ್ನು ಒತ್ತಿ ಒತ್ತಿ ಆರು ಬಿಲ್ಲೆ ಕತ್ತರಿಸಿದಳು. ಒಂದೊಂದನ್ನೂ ಫಾಯಿಲು ಸಮೇತ ತೂಗಿದಳು, ಬರೆದುಕೊಂಡಳು. ಇದರಲ್ಲೆಲ್ಲ ಮೋಸ ಮಾಡಲು ಜಾಗವಿರಲಿಲ್ಲ, ಅವನಿಗೆ ಅದರಿಂದ ನಿರಾಶೆಯೇ ಆಯಿತು. ಎಂಥ ಕೈ ಅವಳದು, ಎಷ್ಟು ಸಾವಧಾನ, ಇಂಥ ಕೈಯಿಂದಲೇ ಅಲ್ಲವೇ ಯಾರಿಗೂ ತಿಳಿಯದಂತೆ ಏನಾದರೂ ಮಾಡಲು ಸಾಧ್ಯ? ಚಿಕ್ಕಂದಿನಲ್ಲಿ ಅಕ್ಕ ಎರಡು ಮುಷ್ಟಿ ಮುಂದೆ ಹಿಡಿದು, ಪೆಪ್ಪರ್‌ಮಿಂಟು ಯಾವುದರಲ್ಲಿದೆ ಹೇಳು ಎನ್ನುತ್ತಿದ್ದಳು. ಎಡಗೈ ಎಂದರೆ ಖಾಲಿ, ಬಲಗೈ ಎಂದರೂ ಖಾಲಿ, ಪೆಪ್ಪರ್‌ಮಿಂಟು ಅವಳ ಬಾಯಲ್ಲಿ ಕರಗುತ್ತಿತ್ತು. ಅವನು ಅಂದಿನಿಂದ ಮುಷ್ಟಿ ನೋಡುವುದನ್ನು ಬಿಟ್ಟು ಬಾಯಿ ನೋಡಲು ಕಲಿತ. ಆಮೇಲೆ ಅವಳು ಶಾಲೆಯಲ್ಲಿ ಡ್ರಿಲ್ ಟೀಚರಾಗಿ, ಮೂವತ್ತು ವರ್ಷ ಮೈದಾನದಲ್ಲಿ ಸೀಟಿ ಊದುತ್ತ ಮಕ್ಕಳ ಜೊತೆ ತಾನೂ ಓಡಿದವಳು. ಈಗ ಆ ಕಾಲು ದಿಂಬಿನ ಮೇಲೆ. ನೂಲಕ್ಕ ಚಿಮುಟದಿಂದ ಬಿಲ್ಲೆಯ ಅಂಚು ಹಿಡಿದು ಫಾಯಿಲಿನಿಂದ ಬಿಡಿಸಲು ನೋಡಿದಳು. ಪೊರೆ ಎದ್ದು ಅವಳ ಕೈಗವಸಿಗೆ ಅಂಟಿತು. ನೂಲುವಾಗ ಹತ್ತಿದ ವಿದ್ಯುತ್ತು ಇನ್ನೂ ಮೈಯಲ್ಲಿ ಇಟ್ಟುಕೊಂಡ ಪೊರೆ ಹೀಗೇ, ಮುಟ್ಟಿದ ಕಡೆ ಅಂಟುತ್ತದೆ, ಎಳೆದರೆ ಹರಿಯುತ್ತದೆ. ಅವಳು ಪಕ್ಕದ ಲೋಟದಿಂದ ಡ್ರಾಪರಿನಲ್ಲಿ ನೀರೆತ್ತಿ, ಅಂಚಿಗೆ ಒಂದೇ ಒಂದು ಹನಿ ಬಿಟ್ಟಳು. ನೀರು ಪೊರೆಯ ಅಡಿಗೆ ನುಗ್ಗಿತು, ಬಿಲ್ಲೆ ತಾನಾಗಿ ತೇಲಿ ಬಿಟ್ಟುಕೊಂಡಿತು. ಅದನ್ನು ಒತ್ತುಕಾಗದದ ಮೇಲೆ ಮಲಗಿಸಿ ನೀರು ಹೀರಿಸಿ ಶೀಶೆಗೆ ಹಾಕಿದಳು. ಎರಡನೆಯದು. ಮೂರನೆಯದು. ಆರೂ ಆದ ಮೇಲೆ ಒತ್ತುಕಾಗದವನ್ನು ಮುದುರಿ ಬುಟ್ಟಿಗೆ ಎಸೆದು, ಶೀಶೆಗಳನ್ನಿಡಲು ಪಕ್ಕದ ಕೋಣೆಯ ಬಿಸಿನೀರಿನ ತೊಟ್ಟಿಯ ಕಡೆ ಹೋದಳು.

ಅವಳು ಬೆನ್ನು ತಿರುಗಿಸಿದ್ದೇ ತಡ ನಾಲ್ಕು ಹೆಜ್ಜೆಗೆ ಬುಟ್ಟಿಯ ಹತ್ತಿರ ಬಂದು ಬಗ್ಗಿ ಕೈ ಹಾಕಿದ. ಹರಿದ ಕೈಗವಸುಗಳು, ಯಾರೋ ತಿಂದ ಬಿಸ್ಕತ್ತಿನ ಹೊದಿಕೆ, ಅದರ ಕೆಳಗೆ ಒದ್ದೆ ಕಾಗದ. ಐವತ್ತೆರಡು ವರ್ಷದ ಮನುಷ್ಯ, ಬೋರ್ಡಿನ ಮೇಲೆ ಮೊದಲ ಸಾಲಿನಲ್ಲಿ ಹುದ್ದೆ ಬರೆಸಿಕೊಂಡವನು, ಕಸದ ಬುಟ್ಟಿಯಲ್ಲಿ ಮೊಣಕೈವರೆಗೆ. "ಏನಾದ್ರೂ ಬಿತ್ತಾ ಸರ್?" ಅವಳು ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದಳು. "ಪೆನ್ನಿನ ಮುಚ್ಚಳ," ಎಂದ ಅವನು, ಕಾಗದವನ್ನು ಮುಷ್ಟಿಯೊಳಗೆ ಒತ್ತುತ್ತ. ಅವನ ಪೆನ್ನು ಒತ್ತುಗುಂಡಿಯದು, ಮುಚ್ಚಳವಿಲ್ಲದ್ದು, ಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡಿತ್ತು. ಅವಳು ಪೆನ್ನನ್ನು ನೋಡಿದಳು. ಬಂದು ಮೊಣಕಾಲೂರಿ ಕೂತು ಮೇಜಿನ ಅಡಿಯಲ್ಲಿ ಇಲ್ಲದ ಮುಚ್ಚಳವನ್ನು ಹುಡುಕತೊಡಗಿದಳು. ಅವನೂ ಬೇರೆ ದಾರಿಯಿಲ್ಲದೆ ಹುಡುಕಿದ. ಇಬ್ಬರೂ ಎರಡು ನಿಮಿಷ ಹಾಗೆಯೇ, ತಲೆ ತಗ್ಗಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ನೆಲ ತಡವಿದರು. "ಸಿಗೋ ಹಾಗೆ ಕಾಣ್ಸಲ್ಲ ಸರ್," ಎಂದು ಕೊನೆಗೆ ಅವಳೇ ಎದ್ದು ಮಂಡಿ ಒರೆಸಿಕೊಂಡಳು.

ಅವಳು ಊಟಕ್ಕೆ ಹೋಗುವವರೆಗೂ ಆ ಕಾಗದ ಅವನ ಕೋಟಿನ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕೂತಿತ್ತು. ಆಮೇಲೆ ಅವನು ಕೋಣೆಯ ಬಾಗಿಲು ಮುಂದೆ ಮಾಡಿ ಕೆಲಸಕ್ಕಿಳಿದ. ಒದ್ದೆ ಕಾಗದ ಒಂದು ಶೀಶೆಗೆ. ಅಷ್ಟೇ ಅಳತೆಯ ಹೊಸ ಕಾಗದ ಇನ್ನೊಂದು ಶೀಶೆಗೆ, ಕಾಗದದ್ದೇ ಏನಾದರೂ ಬಣ್ಣ ಬಿಟ್ಟರೆ ತಿಳಿಯಲೆಂದು. ಈ ಕೆಲಸದಲ್ಲಿ ಅವನು ಅಚ್ಚುಕಟ್ಟು, ಅದನ್ನು ಯಾರೂ ಅಲ್ಲಗಳೆಯಲಾರರು. ಒಂದು ಗಂಟೆ ನೆನೆಸಿದ, ಸೋಸಿದ, ಯಂತ್ರಕ್ಕೆ ಕೊಟ್ಟ. ಊಟದ ಡಬ್ಬಿಯನ್ನು ಮುಟ್ಟಲಿಲ್ಲ. ಮೊದಲು ಹೊಸ ಕಾಗದ: ಏನೂ ಇಲ್ಲ. ಆಮೇಲೆ ಬುಟ್ಟಿಯ ಕಾಗದ. ಅಂಕಿ ಬಂತು. ಆರರಿಂದ ಭಾಗಿಸಿದ, ಬಿಲ್ಲೆಯ ತೂಕದಿಂದ ಲೆಕ್ಕ ಹಾಕಿದ. ಬಿಲ್ಲೆಯೊಂದಕ್ಕೆ ನೂರರಲ್ಲಿ ಮೂವತ್ತು ಪಾಲು. ಉಳಿದ ಒಂದು ಪಾಲು ಫಾಯಿಲಿಗೆ ಮೆತ್ತಿಕೊಂಡಿರಬೇಕು. ಅವನು ಕುರ್ಚಿಯಿಂದ ಎದ್ದೇಬಿಟ್ಟ. ನಾರಿನ ಮೈಮೇಲೆ ಕೂತಿದ್ದ ಔಷಧಿಯನ್ನೆಲ್ಲ ಒಂದು ಹನಿ ನೀರು ತೊಳೆದುಬಿಡುತ್ತಿತ್ತು, ಒತ್ತುಕಾಗದ ಹೀರಿಕೊಂಡು ಕಸದ ಬುಟ್ಟಿಗೆ ಹೋಗುತ್ತಿತ್ತು. ಆಮೇಲೆ ಮೈ ತೊಳೆದುಕೊಂಡ ಬಿಲ್ಲೆಯನ್ನು ಪರೀಕ್ಷೆಗೆ ಹಾಕಿದರೆ ಮೊದಲ ಗಂಟೆಯಲ್ಲಿ ಸುರಿಯಲು ಅದರಲ್ಲಿ ಏನಿರುತ್ತದೆ? ಆಸ್ಪತ್ರೆಯ ಪೆಟ್ಟಿಗೆಯ ಪಟ್ಟಿಗಳಿಗೆ ಯಾರೂ ನೀರು ಹಾಕಿಲ್ಲ. ಅವು ದೊಡ್ಡವು, ಫಾಯಿಲು ಸಮೇತ ಒಣಗಿದ್ದು ಒಣಗಿದ ಹಾಗೆಯೇ ಹೊದಿಕೆಯಲ್ಲಿವೆ. ನರ್ಸು ಫಾಯಿಲಿನಿಂದ ಕಿತ್ತು ನೇರವಾಗಿ ಗಾಯಕ್ಕೆ ಹಾಕುತ್ತಾಳೆ. ಮೊದಲ ಗಂಟೆಯಲ್ಲಿ ಮೂವತ್ತೊಂದು ಪಾಲು, ಮುಚ್ಚಿದ ಪಟ್ಟಿಯ ಕೆಳಗೆ, ಅಕ್ಕನ ಎಳೆ ಚರ್ಮದ ಮೇಲೆ. ಇಷ್ಟೆಲ್ಲ ಹೊಳೆದಾಗ ಅವನಿಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ತನ್ನ ಅನುಮಾನ ಸುಳ್ಳಾಗಲಿಲ್ಲ. ಕೇಕು ತಿಂದವರೆಲ್ಲರ ನಡುವೆ ಕಂಡುಹಿಡಿದವನು ತಾನೊಬ್ಬ. ಖಾಲಿ ಕೋಣೆಯಲ್ಲಿ ಅವನು ನಕ್ಕ, ನಕ್ಕಿದ್ದು ತನಗೇ ಕೇಳಿಸಿ ಗಾಬರಿಯಾದ.

ಮೂರು ಗಂಟೆಗೆ ಅಕ್ಕ ಮೊಬೈಲಿಗೆ ಫೋನು ಮಾಡಿದಳು. "ಸೈನ್ ಹಾಕಿದೆಯೇನೋ? ಇಲ್ಲಿ ಡಾಕ್ಟ್ರು ನಾಳೆ ಬೆಳಿಗ್ಗೆ ಅಂತ ಹೇಳ್ಬಿಟ್ಟಿದಾರೆ." ಕಾಲು ಸೋತರೂ ದನಿಯಲ್ಲಿ ಇನ್ನೂ ಸೀಟಿಯ ಖಾರವಿತ್ತು. "ಇವತ್ತಾಗಲ್ಲ ಅಕ್ಕಾ. ಪಟ್ಟಿ ಸರಿಯಿಲ್ಲ." "ಈ ಸಲ ಯಾರು ಏನು ಮಾಡಿದ್ರೋ?" "ಅದು… ಒಬ್ಬರು ಮಾಡಿದಾರೆ." "ಯಾವಾಗ್ಲೂ ಒಬ್ಬರು ಮಾಡಿರ್ತಾರೆ, ನೀನು ಹಿಡಿದಿರ್ತೀಯ," ಎಂದಳು. ಬಯ್ಗುಳವೋ ಅಲ್ಲವೋ ತಿಳಿಯಲಿಲ್ಲ. "ಮತ್ತೆ ಯಾವಾಗ?" "ಮೂರು ತಿಂಗಳಾದ್ರೂ ಬೇಕು." "ಅಷ್ಟರಲ್ಲಿ ಕಾಲಿನ ಎರಡು ಬೆರಳು ತೆಗೀಬೇಕಾಗುತ್ತೆ ಅಂದಿದ್ರು ಕಣೋ. ಹೋಗ್ಲಿ ಬಿಡು. ಬೂಟು ಹಾಕ್ಕೊಂಡ್ರೆ ಕಾಣ್ಸಲ್ಲ." ಆಮೇಲೆ, ಫೋನಿಡುವ ಮುಂಚೆ, ಬೇರೆಯದೇ ದನಿಯಲ್ಲಿ, "ನಿಜವಾಗ್ಲೂ ಸರಿಯಿಲ್ವಾ? ಇಲ್ಲ ನಿನಗೆ ಹಾಗನ್ಸಿದ್ದಾ?" ಎಂದು ಕೇಳಿದಳು. ಅವನು "ನಿಜವಾಗ್ಲೂ ಅಕ್ಕಾ" ಎಂದ. ಅವನಿಗೆ ಅಳು ಬಂತು. ಹೆತ್ತ ತಾಯಿಗಿಂತ ಹೆಚ್ಚು ಎತ್ತಿ ಆಡಿಸಿದವಳು, ಅವನ ಮಾತನ್ನು ನಂಬಬೇಕೋ ಬೇಡವೋ ಎಂದು ತೂಗಿ ನೋಡಬೇಕಾಯಿತಲ್ಲ. ಎರಡು ಬೆರಳು. ಅವುಗಳಿಗೆ ಯಾರಾದರೂ ಉತ್ತರ ಹೇಳಲೇಬೇಕು ಎಂದುಕೊಂಡು ಅವನು ಮುಖ ತೊಳೆದು ನೂಲಕ್ಕನ ಮೇಜಿಗೆ ಹೋದ.

"ಬಿಲ್ಲೆ ಬಿಡಿಸೋಕೆ ನೀರು ಹಾಕ್ತೀರಲ್ಲ, ಯಾರು ಹೇಳಿದ್ದು ಹಾಕೋಕೆ?" ದನಿ ಎತ್ತರಿಸಬಾರದೆಂದುಕೊಂಡಿದ್ದ, ಎತ್ತರಿಸಿಯೇಬಿಟ್ಟ. "ಮೂವತ್ತೊಂದು ಪಾಲು ಔಷಧಿ ಅದರಲ್ಲೇ ತೊಳೆದು ಹೋಗ್ತಿದೆ. ಗೊತ್ತಾ ನಿಮಗೆ? ಆರು ಜನಕ್ಕೆ ಏನಾಗ್ತಿತ್ತು ಗೊತ್ತಾ?" ನೂಲಕ್ಕನ ಮುಖ ಬಿಳಿಚಿಕೊಂಡಿತು. ತಪ್ಪು ಸಿಕ್ಕಿಬಿದ್ದವರ ಮುಖ ಹೀಗಿರುತ್ತದೆಯೇ ಎಂದು ಅವನು ಕಣ್ಣು ಕಿರಿದು ಮಾಡಿ ನೋಡಿದ. ಅವಳ ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುತ್ತಿದ್ದಳು. "ಅಯ್ಯೋ," ಎಂದಳು, "ಹೌದಲ್ವಾ. ನೀರಲ್ಲಿ ಕರಗೋದೇ ಅಲ್ವಾ ಅದು." ಆಮೇಲೆ ಕೈಗವಸು ಕಳಚಿ, ಕೈಚೀಲದ ಒಳಜೇಬಿನಿಂದ ಒಂದು ಪುಸ್ತಕ ತೆಗೆದಳು. ಪ್ರಯೋಗಶಾಲೆಯ ನೀಲಿ ಪುಸ್ತಕವಲ್ಲ, ಅಂಗಡಿಯಲ್ಲಿ ಸಿಗುವ ಸಣ್ಣ ನೋಟುಬುಕ್ಕು, ರಟ್ಟಿನ ಮೂಲೆಗಳು ಸವೆದಿದ್ದವು. ಪುಟಗಳನ್ನು ಹಿಂದಕ್ಕೆ ತಿರುವಿ ಒಂದು ಕಡೆ ಬೆರಳಿಟ್ಟು ಅವನ ಕಡೆ ತಿರುಗಿಸಿದಳು. ಹೋದ ವರ್ಷದ ತಾರೀಖು, ಹನ್ನೊಂದು ಇಪ್ಪತ್ತು ಎಂದು ಗಂಟೆ. 'ಮೂರು ಬಿಲ್ಲೆ ಹರಿದವು. ಸರ್ ಹೇಳಿದರು: ಒಂದು ಹನಿ ನೀರು ಬಿಟ್ಟರೆ ಬಿಡಲ್ವಾ? ಅದಕ್ಕೂ ನಾನೇ ಬರಬೇಕಾ? ಹೊರಗಿನವರು ಇದ್ದರು.' ಅವನಿಗೆ ನೆನಪಾಯಿತು. ನೆನಪಾಗಲಿಲ್ಲ ಎಂದುಕೊಳ್ಳಲು ನೋಡಿದ, ಆಗಲಿಲ್ಲ. ಟೈ ಕಟ್ಟಿದ ನಾಲ್ಕು ಜನ ಹಿಂದೆ ನಿಂತಿದ್ದರು, ಪೊರೆ ಅವಳ ಕೈಗೆ ಅಂಟಿ ಅಂಟಿ ಹರಿಯುತ್ತಿತ್ತು, ಇವನಿಗೆ ಮಾನ ಹೋದಂತಾಗಿ ಬಾಯಿಗೆ ಬಂದದ್ದನ್ನು ಅಂದಿದ್ದ. ನೀರಿನಲ್ಲಿ ಕರಗುವ ಔಷಧಿಯ ಪೊರೆಗೆ ನೀರು ಹಾಕು ಎಂದಿದ್ದ, ಯೋಚಿಸದೆ, ಅಂದ ಕ್ಷಣದಲ್ಲೇ ಮರೆತೂ ಬಿಟ್ಟಿದ್ದ.

ಅವನು ಪುಸ್ತಕವನ್ನು ಕೈಗೆ ತೆಗೆದುಕೊಂಡ. ಅವಳು ತಡೆಯಲಿಲ್ಲ. ಪುಟದ ಮೇಲೆ ಪುಟ, ಸಣ್ಣ ದುಂಡು ಅಕ್ಷರ, ತಾರೀಖು, ಗಂಟೆ. 'ಬೀಗ ನೋಡಿದಿರಾ ಎಂದು ಎರಡು ಸಲ ಕೇಳಿದರು. ನೋಡಿದ್ದೆ.' 'ನಾನಿಲ್ಲದಾಗ ನನ್ನ ಡ್ರಾಯರು ತೆಗೆದಿದ್ದಾರೆ. ಕತ್ತರಿ ಬಲಗಡೆ ಇತ್ತು, ಎಡಗಡೆ ಇದೆ.' 'ಔಷಧಿ ಬಾಟಲಿ ತೂಗಿದ್ದಾರೆ. ಮುಚ್ಚಳ ನಾನು ಹಾಕಿದ ಹಾಗಿಲ್ಲ.' ಇದು ನಿನ್ನೆಯದು. ಇವತ್ತಿನದೂ ಇತ್ತು. 'ಬುಟ್ಟಿಯಲ್ಲಿ ಏನೋ ಹುಡುಕುತ್ತಿದ್ದರು. ಪೆನ್ನಿನ ಮುಚ್ಚಳ ಎಂದರು.' ಅಷ್ಟೇ, ಮುಂದೆ ಏನೂ ಬರೆದಿರಲಿಲ್ಲ, ನಕ್ಕಿರಲೂ ಇಲ್ಲ. ಎರಡು ತಿಂಗಳ ಹಿಂದಿನ ಒಂದು ಪುಟದಲ್ಲಿ ಅವನ ಕಣ್ಣು ನಿಂತಿತು. 'ಸರ್ ಅವರ ಅಕ್ಕ ಇಲ್ಲಿನ ಫೋನಿಗೆ ಮಾಡಿದ್ದರು. ನಾಲ್ಕನೆಯ ರೋಗಿ ಅವರಂತೆ. ಹಾಳೆಯಲ್ಲಿ ಇಲ್ಲ ಎಂದು ಹಾಕಿದ್ದಾರೆ. ಯಾರಿಗೂ ಹೇಳಲಿಲ್ಲ.' ಅವನು ಅವಳ ಕುರ್ಚಿಯಲ್ಲೇ ಕೂತುಬಿಟ್ಟ. ಹನ್ನೊಂದು ವರ್ಷ ಅವಳನ್ನು ತಾನು ನೋಡುತ್ತಿದ್ದೇನೆ ಎಂದುಕೊಂಡಿದ್ದ. ಅವಳ ಕುರ್ಚಿಯಿಂದ ಬಾಗಿಲು, ಕಿಟಕಿಯ ಗಾಜು, ಅವನ ಮೇಜು, ಎಲ್ಲವೂ ಎಷ್ಟು ನಿಚ್ಚಳವಾಗಿ ಕಾಣುತ್ತಿತ್ತು. "ಯಾಕೆ ಬರೀತೀರಿ ಇದನ್ನ?" ಎಂದ. "ತಕ್ಕಡಿಯವರ ಹತ್ರ ತೋರ್ಸೋಕೆ ಬರೆದಿಟ್ಟಿದ್ದು ಏನೂ ಇರ್ಲಿಲ್ಲ ಸರ್," ಎಂದಳು. "ಅವ್ರು ಹೋದ್ಮೇಲೆ ಶುರು ಮಾಡ್ದೆ. ಅವ್ರಿಗೆ ಎಲ್ಲೂ ಕೆಲಸ ಸಿಗ್ಲಿಲ್ಲ, ಗೊತ್ತಲ್ಲ." ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಂಡಿರಲಿಲ್ಲ. ಎಲ್ಲದಕ್ಕೂ ಮೂಗು ತೂರಿಸುವವನು ಅದೊಂದನ್ನು ಮಾತ್ರ ಯಾವತ್ತೂ ವಿಚಾರಿಸಿರಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೆಳಗೆ ವ್ಯಾನಿನ ಹಾರ್ನು ಕೇಳಿಸಿತು. ಅವನು ಎದ್ದು ಗೋಡೆಯ ಫೋನಿನಲ್ಲಿ ಮೇಡಂ ಕೋಣೆಯ ನಂಬರು ಒತ್ತಿದ. ಪುಸ್ತಕ ಇನ್ನೂ ಎಡಗೈಯಲ್ಲೇ ಇತ್ತು, ಅದನ್ನು ಹರಿದುಹಾಕಲು ಎಷ್ಟು ಹೊತ್ತು ಬೇಕು ಎಂಬ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಪುಸ್ತಕವನ್ನು ಅವಳ ಕೈಗೆ ಕೊಟ್ಟ. "ಮೇಡಂ, ನಾನು ಸೈನ್ ಹಾಕಲ್ಲ. ಪೆಟ್ಟಿಗೆಗಳು ಹೋಗಬಾರದು. ಪರೀಕ್ಷೆಯಲ್ಲೇ ತಪ್ಪಾಗಿದೆ, ಲೆಕ್ಕ ನನ್ನ ಹತ್ರ ಇದೆ." ಮೇಡಂ ಒಂದು ದೊಡ್ಡ ಉಸಿರು ಬಿಟ್ಟರು. ಅವರು ಒಮ್ಮೆಯೂ ಯಾಕ್ರೀ ಎನ್ನಲಿಲ್ಲ, ಕೇಳಿದ್ದು ಒಂದೇ: "ಯಾರದ್ದು?" ಅವನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು, ತಗ್ಗಿದ ದನಿಯಲ್ಲಿ, ಉಪಕಾರ ಮಾಡುವವರಂತೆ. "ನೂಲಕ್ಕಂದು ತಾನೆ? ಹಾಗೇ ಬರೆದು ಕಳಿಸಿ. ಆಸ್ಪತ್ರೆಗೆ ಉತ್ತರ ಹೇಳೋಕೆ ನಮಗೂ ಸುಲಭ." ರಿಸೀವರು ಅವನ ಕಿವಿಗೆ ಒತ್ತಿಕೊಂಡಿತ್ತು, ಇದೊಂದು ಮಾತೂ ಅವಳಿಗೆ ಕೇಳಿಸುತ್ತಿರಲಿಲ್ಲ. ಅವಳು ಎರಡು ಕೈಯಲ್ಲೂ ಪುಸ್ತಕ ಹಿಡಿದು ಅವನ ತುಟಿಗಳನ್ನೇ ನೋಡುತ್ತಿದ್ದಳು.

"ಅಲ್ಲ ಮೇಡಂ," ಎಂದ. "ನಾನೇ ಹೇಳಿಕೊಟ್ಟಿದ್ದು. ಅವರು ಹೇಳಿದ ಹಾಗೆ ಮಾಡಿದಾರೆ ಅಷ್ಟೇ. ತಪ್ಪು ನನ್ನದು. ಇನ್ನೊಂದು ವಿಷಯ. ನಾಲ್ಕನೇ ರೋಗಿ ನನ್ನಕ್ಕ. ನಾನು ಮುಚ್ಚಿಟ್ಟೆ." ಇಷ್ಟನ್ನು ಒಂದೇ ಉಸಿರಿಗೆ, ಕಣ್ಣು ಮುಚ್ಚಿಕೊಂಡು ಹೇಳಿದ. ಹೇಳಿದ ಮೇಲೆ ಮೈ ಹಗುರಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಯಾರ ಮೇಲೂ ಯಾವ ಗುಮಾನಿಯೂ ಇರಲಿಲ್ಲ. ಕಣ್ಣು ತೆರೆದು ನೂಲಕ್ಕನ ಕಡೆ ನೋಡಿದ. ಅವಳು ಏನಾದರೂ ಹೇಳುತ್ತಾಳೆ, ಕನಿಷ್ಠ ತಲೆಯಾಡಿಸುತ್ತಾಳೆ ಎಂದು, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಕಾದ.

ನೂಲಕ್ಕ ಫೋನನ್ನು ನೋಡಿದಳು, ಅವನ ಬೆರಳು ಅದರ ಗುಂಡಿಯನ್ನು ಒತ್ತಿ ಹಿಡಿದಿದೆಯೇ ಎಂದು ನೋಡಿದಳು, ಮತ್ತೆ ಫೋನನ್ನು ನೋಡಿದಳು. "ಮೇಡಂ ನಿಜವಾಗ್ಲೂ ಲೈನಲ್ಲಿದಾರಾ ಸರ್?" ಎಂದಳು. ಕೊಂಕಿರಲಿಲ್ಲ, ಕೋಪವೂ ಇರಲಿಲ್ಲ. ಬಾಟಲಿಯಲ್ಲಿ ಎಷ್ಟಿದೆ ಎಂದು ವಿಚಾರಿಸುವ ದನಿ. "ಇದಾರೆ, ಇದಾರೆ, ನೀವೇ ಕೇಳಿ," ಎಂದು ಅವನು ಅವಸರದಲ್ಲಿ ರಿಸೀವರನ್ನು ಅವಳ ಕಡೆ ಚಾಚಿದ. ಅವಳು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ರಿಸೀವರನ್ನು ಕಿವಿಗಿಟ್ಟುಕೊಂಡಳು. ಆ ಕಡೆ ಮೇಡಂ ಯಾವಾಗಲೋ ಇಟ್ಟುಬಿಟ್ಟಿದ್ದರು. ಕೇಳುತ್ತಿದ್ದದ್ದು ಬರೀ ಗುಂಯ್ ಎಂಬ ಸದ್ದು, ಅದು ನಿಂತಲ್ಲಿಂದ ಅವನಿಗೂ ಕೇಳಿಸಿತು. ಅವಳು ಪೂರ್ತಿ ಒಂದು ನಿಮಿಷ ಅದನ್ನು ಆಲಿಸಿ, ರಿಸೀವರನ್ನು ಜೋಪಾನವಾಗಿ ಅದರ ಜಾಗದಲ್ಲಿಟ್ಟಳು.

"ಆಯ್ತು ಸರ್," ಎಂದಳು.